ಬಾಯಿ ಬಿಡದವನಿಗೆ ಬಂದ ಮಾತು

ನಂಬುತ್ತೀರಾ? ಮೈಸೂರಿನ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಕುಂಚದಿಂದ ಬಂದ ಶ್ರೀಸಾಮಾನ್ಯ 1951ರಿಂದ ದಶಕಗಟ್ಟಲೆ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಹಾಜರಿ ಹಾಕಿದ, ಆದರೆ ತುಟಿ ಎರಡು ಮಾಡಲಿಲ್ಲ! ಮಂತ್ರಿ ಕೊರೆಯುತ್ತಾನೆ, ಅಧಿಕಾರಿ ಸಬೂಬು ಹೇಳುತ್ತಾನೆ, ಮನೆಯಲ್ಲಿ ಹೆಂಡತಿ ಜಾಡಿಸುತ್ತಾಳೆ. ಇವನು ಪಂಚೆ ಉಟ್ಟು, ಚೌಕಳಿ ಕೋಟು ತೊಟ್ಟು, ಕನ್ನಡಕದೊಳಗಿಂದ ಪಿಳಿಪಿಳಿ ನೋಡುತ್ತಾನೆ, ಅಷ್ಟೇ.

ಈ ಮೌನಿಯ ಲೋಕವನ್ನು ಟಿವಿಗೆ ತಂದರೆಂಬುದೇ ಒಂದು ಸೋಜಿಗ. ಯೋಚಿಸಿ: ಅವನು ಬರುತ್ತಿದ್ದ ಕಾರ್ಟೂನು ‘ಯು ಸೆಡ್ ಇಟ್’ ಎಂದರೆ ಒಂದು ಪುಟ್ಟ ಚೌಕ, ಅದರಡಿ ಒಂದು ಸಾಲು. ಓದುಗ ಕಾಫಿ ಗುಟುಕರಿಸುವಷ್ಟರಲ್ಲಿ ನಕ್ಕು ಪುಟ ತಿರುಗಿಸಿರುತ್ತಾನೆ. ಧಾರಾವಾಹಿಗೋ ಕಂತು ಕಂತಿಗೂ ಒಂದೊಂದು ಕಥೆ ಬೇಕು! ಮೂಕನನ್ನು ನಡುವೆ ನಿಲ್ಲಿಸಿ ಕಥೆ ನಡೆಸುವುದು ಹೇಗೆ?

1988ರಲ್ಲಿ ದೂರದರ್ಶನದಲ್ಲಿ ‘ವಾಗ್ಲೆ ಕಿ ದುನಿಯಾ’ ಶುರುವಾಯಿತು. ದುರ್ಗಾ ಖೋಟೆ ಅವರ ಸಂಸ್ಥೆಯ ನಿರ್ಮಾಣ. ‘ಜಾನೇ ಭಿ ದೋ ಯಾರೋ’ ಚಿತ್ರ ಮಾಡಿದ್ದ ಕುಂದನ್ ಶಾ ಅವರ ನಿರ್ದೇಶನ. ಇವರು ಮಾಡಿದ ಉಪಾಯ ನೋಡಿ: ಪಂಚೆಯ ಮುದುಕನನ್ನು ಅವನ ಚೌಕದಲ್ಲೇ ಬಿಟ್ಟರು! ಅವನ ಬದಲು ಬಂದವನು ಶ್ರೀನಿವಾಸ ವಾಗ್ಲೆ, ಮುಂಬೈಯ ಮಧ್ಯಮ ವರ್ಗದ ಗುಮಾಸ್ತ. ವಾಗ್ಲೆ ಮಾತಾಡುತ್ತಾನೆ. ಗೊಣಗುತ್ತಾನೆ, ವಾದಿಸುತ್ತಾನೆ, ಸಣ್ಣ ಸಣ್ಣದಕ್ಕೂ ಕಂಗಾಲಾಗುತ್ತಾನೆ. ಎಷ್ಟು ಮಾತಾಡಿದರೂ ಮಾತು ನಡೆಯುವುದಿಲ್ಲ! ಲಕ್ಷ್ಮಣ್ ವ್ಯಂಗ್ಯದ ಜೀವಾಳ ಇಲ್ಲೇ ಇದೆ ಅನ್ನಿಸಿ ನಾನು ಬೆರಗಾದೆ. ಮೌನಿಯ ಪಾಡೂ ಮಾತುಗಾರನ ಪಾಡೂ ಒಂದೇ.

ಅಂಜನ್ ಶ್ರೀವಾಸ್ತವ್ ಅವರ ಆ ಮುಖವಂತೂ! ಹೇಳಬೇಕೆಂದು ಹೊರಟು ನುಂಗಿಕೊಳ್ಳುವ ಆ ಚಡಪಡಿಕೆಯಲ್ಲಿ ಕಾರ್ಟೂನಿನ ಮುದುಕ ಇಣುಕುತ್ತಾನೆ. ಹೆಂಡತಿ ರಾಧಿಕಾ ಆಗಿ ಭಾರತಿ ಆಚ್ರೇಕರ್. ಮನೆ ನಿಂತಿರುವುದೇ ಅವಳಿಂದ. ಒಂದು ಕಂತಿನಲ್ಲಿ ವಾಗ್ಲೆಗೆ ಕಾರು ಗುದ್ದಿಸುವ ಹುಡುಗ ಯಾರು ಗೊತ್ತೇ? ಇನ್ನೂ ಸಿನಿಮಾಕ್ಕೆ ಬಾರದಿದ್ದ ಶಾರುಖ್ ಖಾನ್!

ಇನ್ನೊಂದು ವಿಸ್ಮಯ ನಮ್ಮ ನಾಡಿನದು. ಇದಕ್ಕೆ ಸ್ವಲ್ಪ ಮೊದಲಷ್ಟೇ ಶಂಕರ್ ನಾಗ್ ಅದೇ ದೂರದರ್ಶನಕ್ಕೆ ‘ಮಾಲ್ಗುಡಿ ಡೇಸ್’ ಕೊಟ್ಟಿದ್ದರು. ಅದರ ಕಥೆಗಳು ಲಕ್ಷ್ಮಣ್ ಅವರ ಅಣ್ಣ ಆರ್. ಕೆ. ನಾರಾಯಣ್ ಅವರವು, ಶೀರ್ಷಿಕೆಯ ರೇಖಾಚಿತ್ರಗಳು ತಮ್ಮನವು. ಒಂದೇ ಮನೆಯ ಇಬ್ಬರು ಹುಡುಗರ ಎರಡು ಲೋಕಗಳು ಹೆಚ್ಚು ಅಂತರವಿಲ್ಲದೆ ಇಡೀ ದೇಶದ ನಡುಮನೆಗೆ ಬಂದವು! ಮುಂಬೈಯ ಜೆ. ಜೆ. ಕಲಾಶಾಲೆ ಪ್ರವೇಶ ಕೊಡದ ಹುಡುಗ, ರಾ. ಶಿ. ಅವರ ‘ಕೊರವಂಜಿ’ ಹಾಸ್ಯಪತ್ರಿಕೆಗೆ ಗೆರೆ ಎಳೆಯುತ್ತಿದ್ದ ಹುಡುಗ ಆ ತಮ್ಮನೇ. ವಾಗ್ಲೆ ಟಿವಿಗೆ ಬಂದ ವರ್ಷವೇ ಶ್ರೀಸಾಮಾನ್ಯ ಅಂಚೆಚೀಟಿಯ ಮೇಲೂ ಏರಿದ. ‘ಟೈಮ್ಸ್ ಆಫ್ ಇಂಡಿಯಾ’ಗೆ 150 ವರ್ಷ ತುಂಬಿದ ನೆನಪಿಗೆ. ಅಲ್ಲೂ ಮಾತಿಲ್ಲ, ಬಿಡಿ.

2021ರಲ್ಲಿ ಸೋನಿ ಸಬ್ ವಾಹಿನಿ ವಾಗ್ಲೆ ಕುಟುಂಬವನ್ನು ಮತ್ತೆ ಕರೆತಂದಿತು. ಈ ಸಲ ಕಥೆ ಮಗ ರಾಜೇಶನದು, ಪಾತ್ರ ಸುಮೀತ್ ರಾಘವನ್ ಅವರದು. ಅಪ್ಪ ಅಮ್ಮನಾಗಿ ಅದೇ ಅಂಜನ್, ಅದೇ ಭಾರತಿ. ಹೊಸದು ಚೆನ್ನಾಗಿಯೇ ಇದೆ. ಆದರೂ ಮೊದಲು ಹಳೆಯದನ್ನು ಹುಡುಕಿ ನೋಡಿ. ಹಿಂದಿ ಅರ್ಧಂಬರ್ಧ ಬಂದರೂ ಸಾಕು.