ಕುಶನ್ ಕೆಲಸ: ಬಟ್ಟೆಯ ಬೆಲೆಯೂ ಕೆಲಸದ ಬೆಲೆಯೂ

ಸೋಫಾ, ಕುರ್ಚಿ, ದಿವಾನ ಹಾಗೂ ಮೋಟಾರು ವಾಹನಗಳ ಆಸನಗಳಿಗೆ ಮೆತ್ತೆ ಕೂರಿಸಿ ಹೊದಿಕೆ ಹಾಕುವ ಉದ್ಯೋಗಕ್ಕೆ ಇಂಗ್ಲಿಷಿನಲ್ಲಿ ಅಪ್‌ಹೋಲ್‌ಸ್ಟರಿ ಎಂಬ ಹೆಸರಿದ್ದರೂ ನಮ್ಮ ಊರುಗಳ ಅಂಗಡಿ ಫಲಕಗಳ ಮೇಲೆ ಕಾಣುವುದು ‘ಕುಶನ್ ವರ್ಕ್ಸ್’ ಎಂದೇ. ಬೆಂಗಳೂರಿನ ಜೆ.ಸಿ. ರಸ್ತೆಯ ಸೀಟ್ ಕವರ್ ಮಳಿಗೆಗಳಿಂದ ಹಿಡಿದು ತಾಲ್ಲೂಕು ಕೇಂದ್ರದ ಒಂದೇ ಹೊಲಿಗೆ ಯಂತ್ರದ ಅಂಗಡಿಯವರೆಗೆ ಈ ಉದ್ಯೋಗ ಹಬ್ಬಿದೆ. ಇದಕ್ಕೆ ಬೇಕಾದ ಬಂಡವಾಳ ಕಡಿಮೆ, ಕೈಗುಣ ಹೆಚ್ಚು. ಮೊಬೈಲಿನಲ್ಲಿ ಕಾಯ್ದಿರಿಸಿದರೆ ಮನೆಗೇ ಬಂದು ಸೋಫಾ ತೊಳೆದುಕೊಡುವ ಸೇವೆಯೂ ಈಗ ನಗರಗಳಲ್ಲಿ ರೂಢಿಗೆ ಬಂದಿದೆ. ಹೀಗೆ ಕೆಲಸಕ್ಕೇನೂ ಬರವಿಲ್ಲ. ಆದರೂ ವರ್ಷಾಂತ್ಯದಲ್ಲಿ ಇಂತಹ ಅಂಗಡಿಗಳ ಲೆಕ್ಕ ಬರೆಯಲು ಕುಳಿತವರಿಗೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಇವರು ಮಾರುವುದು ಶ್ರಮವನ್ನು, ಆದರೆ ಬಿಲ್ಲು ಬರೆಯುವುದು ಬಟ್ಟೆಗೆ.

ಈ ಪದ್ಧತಿಗೆ ಹಿನ್ನೆಲೆಯಿದೆ. ಗ್ರಾಹಕರು ಮೀಟರಿಗೆ 450 ರೂಪಾಯಿ ಎಂದರೆ ಒಪ್ಪುತ್ತಾರೆ. ಮೇಸ್ತ್ರಿಯ ದಿನಗೂಲಿ 1,200 ರೂಪಾಯಿ ಎಂದರೆ ಚೌಕಾಸಿಗೆ ಇಳಿಯುತ್ತಾರೆ. ಆದ್ದರಿಂದ ಕೂಲಿಯನ್ನು ಕಡಿಮೆ ಹೇಳಿ, ಆ ಕೊರತೆಯನ್ನು ಬಟ್ಟೆಯ ಲಾಭದಲ್ಲಿ ತುಂಬಿಕೊಳ್ಳುವ ಜಾಣತನ ಬೆಳೆದುಬಂತು. ಬಟ್ಟೆ ಅಂಗಡಿಯಲ್ಲೇ ಖರೀದಿಯಾಗುತ್ತಿದ್ದವರೆಗೆ ಇದು ನಡೆಯಿತು. ಈಗ ಗ್ರಾಹಕರು ಬಟ್ಟೆಯನ್ನು ತಾವೇ ತರಿಸಿಕೊಂಡು ‘ಹಾಕಿಕೊಟ್ಟರೆ ಸಾಕು’ ಎನ್ನುತ್ತಾರೆ. ಆಗ ಉಳಿಯುವುದು ಕಡಿಮೆ ಹೇಳಿದ ಕೂಲಿ ಮಾತ್ರ.

ಒಂದು ಉದಾಹರಣೆಯನ್ನು ನೋಡೋಣ. ಅಂಕಿಗಳು ವಿವರಣೆಗಾಗಿ ಹಿಡಿದವು. ಓದುಗರು ತಮ್ಮ ಊರಿನ ದರ ಹಾಕಿಕೊಳ್ಳಬಹುದು. ಮೂರು ಆಸನದ ಒಂದು, ಒಂಟಿ ಆಸನದ ಎರಡು ಇರುವ ಸೋಫಾ ಸೆಟ್ಟು. ಬಟ್ಟೆ 18 ಮೀಟರ್, ಖರೀದಿ ದರ 350 ರಂತೆ 6,300 ರೂ. ಫೋಮ್ 6,000 ರೂ. ಪಟ್ಟಿ, ದಾರ, ಪಿನ್ನು, ಅಂಟು 1,200 ರೂ. ಮೇಸ್ತ್ರಿಗೆ ಮತ್ತು ಸಹಾಯಕನಿಗೆ ನಾಲ್ಕು ದಿನದ ಕೂಲಿ 7,600 ರೂ. ಸಾಗಣೆ 1,500 ರೂ. ಒಟ್ಟು 22,600 ರೂ. ಗ್ರಾಹಕರಿಗೆ 26,000 ಎಂದು ಹೇಳಿ 3,400 ಉಳಿಯಿತೆಂದು ಮಾಲೀಕರು ಭಾವಿಸುತ್ತಾರೆ. ಆದರೆ ಬಾಡಿಗೆ, ವಿದ್ಯುತ್ತು, ಯಂತ್ರದ ಸವೆತ, ಫೋನು ಎಲ್ಲ ಸೇರಿ ತಿಂಗಳಿಗೆ 30,000 ರೂ. ಆಗುವ ಅಂಗಡಿಯಲ್ಲಿ 25 ದಿನ ಕೆಲಸ ನಡೆದರೆ ದಿನವೊಂದಕ್ಕೆ 1,200 ರೂ. ಬೀಳುತ್ತದೆ. ಒಂದು ಸಲಕ್ಕೆ ಒಂದೇ ಸೆಟ್ಟಿಗೆ ಜಾಗವಿರುವ ಅಂಗಡಿಯಾದರೆ ನಾಲ್ಕು ದಿನಕ್ಕೆ 4,800 ರೂ. ಅಲ್ಲಿಗೆ 3,400 ರೂ. ಲಾಭವಲ್ಲ, 1,400 ರೂ. ನಷ್ಟ. ಮಾಲೀಕರೇ ಮೇಸ್ತ್ರಿಯೂ ಆಗಿರುವಲ್ಲಿ ಸ್ವಂತ ಕೂಲಿಯನ್ನು ಲೆಕ್ಕಕ್ಕೇ ಹಿಡಿಯದ ಕಾರಣ ಈ ನಷ್ಟ ಕಾಣಿಸುವುದೂ ಇಲ್ಲ.

ಬಿಚ್ಚಿ ನೋಡದೆ ದರ ಹೇಳಬಾರದು

ಹೊರಗಿನಿಂದ ನೋಡಿ ದರ ಹೇಳುವುದು ಈ ಉದ್ಯೋಗದ ಎರಡನೆಯ ರೋಗ. ಸೋಫಾದ ಆಯುಷ್ಯ ಬಟ್ಟೆಯಲ್ಲಿಲ್ಲ. ಚೌಕಟ್ಟಿನಲ್ಲಿ ಮತ್ತು ಮೆತ್ತೆಯಲ್ಲಿದೆ. ಅಡಿಭಾಗದ ಕಪ್ಪು ಬಟ್ಟೆಯನ್ನು ಒಂದು ಕಡೆ ಬಿಡಿಸಿದರೆ ಚೌಕಟ್ಟು ತೇಗದ್ದೇ, ಪ್ಲೈವುಡ್ಡಿನದೇ, ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯದೇ ಎಂಬುದು ತಿಳಿಯುತ್ತದೆ. ಗೆದ್ದಲು ಹಿಡಿದಿದೆಯೇ, ಸ್ಪ್ರಿಂಗು ಕಳಚಿದೆಯೇ, ಪಟ್ಟಿ ಜೋತಿದೆಯೇ ಎಂಬುದೂ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಹಳೆಯ ತೇಗದ ಅಥವಾ ಬೀಟೆಯ ಚೌಕಟ್ಟಾದರೆ ಎಷ್ಟು ಸಲವಾದರೂ ಹೊದಿಕೆ ಬದಲಿಸಬಹುದು. ಪೆಟ್ಟಿಗೆ ಹಲಗೆಯ ಚೌಕಟ್ಟಿಗೆ 18 ಮೀಟರ್ ಒಳ್ಳೆಯ ಬಟ್ಟೆ ಹಾಕಿಸುವುದು ದಂಡ. ಅದನ್ನು ಗ್ರಾಹಕರಿಗೆ ಬಾಯಿಬಿಟ್ಟು ಹೇಳುವ ಅಂಗಡಿ ಒಂದು ಕೆಲಸವನ್ನು ಕಳೆದುಕೊಂಡರೂ ಆ ಮನೆಯನ್ನು ಕಳೆದುಕೊಳ್ಳುವುದಿಲ್ಲ.

ಫೋಮಿನ ವಿಷಯದಲ್ಲಿ ತಕ್ಕಡಿಯೇ ಸಾಕ್ಷಿ. ಫೋಮಿನ ಸಾಂದ್ರತೆಯನ್ನು ಘನ ಮೀಟರಿಗೆ ಇಷ್ಟು ಕಿಲೋ ಎಂದು ಹೇಳುತ್ತಾರೆ. ದಿನವೂ ಕೂರುವ ಆಸನಕ್ಕೆ 32 ಅಥವಾ ಅದಕ್ಕಿಂತ ಹೆಚ್ಚಿನದು ಬೇಕು. ಅಗ್ಗದ ಸೋಫಾಗಳಲ್ಲಿ 18ರ ಆಸುಪಾಸಿನದು ಇರುತ್ತದೆ, ಬೇಗ ಕುಸಿಯುತ್ತದೆ. ಎರಡಡಿ ಉದ್ದ, ಎರಡಡಿ ಅಗಲ, ನಾಲ್ಕಂಗುಲ ದಪ್ಪದ ತುಂಡು 32ರ ಸಾಂದ್ರತೆಯದಾದರೆ ಸುಮಾರು 1 ಕಿಲೋ 200 ಗ್ರಾಂ ತೂಗುತ್ತದೆ; 18ರದಾದರೆ 700 ಗ್ರಾಂ ಕೂಡ ತೂಗದು. ಸುಣ್ಣದ ಪುಡಿಯಂತಹ ಖನಿಜ ಬೆರೆಸಿ ತೂಕ ಏರಿಸಿದ ಮಾಲೂ ಉಂಟು. ಆದ್ದರಿಂದ ತೂಕದ ಜೊತೆಗೆ ಅಂಗೈಯಿಂದ ಒತ್ತಿಬಿಟ್ಟು ಅದು ಎಷ್ಟು ಬೇಗ ಎದ್ದು ನಿಲ್ಲುತ್ತದೆಂಬುದನ್ನೂ ನೋಡಬೇಕು. ಅಂದಾಜು ಪಟ್ಟಿಯಲ್ಲಿ ‘ಫೋಮ್’ ಎಂದಷ್ಟೇ ಬರೆಯದೆ ಸಾಂದ್ರತೆಯನ್ನೂ ಬರೆದರೆ, 18ರ ಮಾಲು ಹಾಕಿ ಕಡಿಮೆ ದರ ಹೇಳುವ ಎದುರಂಗಡಿಯವರೊಡನೆ ವೃಥಾ ಹೋಲಿಕೆ ತಪ್ಪುತ್ತದೆ.

‘ಲೆದರೆಟ್’ ಎಂಬ ಹೆಸರಿನಲ್ಲಿ ಮಾರುವ ಹೊದಿಕೆಯ ಬಗೆಗೂ ಒಂದು ಮಾತು ಹೇಳಬೇಕು. ಪಿವಿಸಿ ಲೇಪನದ ಹಳೆಯ ರೆಕ್ಸಿನ್ ವರ್ಷಗಳು ಕಳೆದಂತೆ ಮೆದುತನ ಕಳೆದುಕೊಂಡು ಬಿರುಕು ಬಿಡುತ್ತದೆ. ಪಾಲಿಯುರಿಥೇನ್ ಲೇಪನದ ಬಟ್ಟೆ ಮುಟ್ಟಲು ಚರ್ಮದಂತೆಯೇ ಮೆದುವಾದರೂ ಗಾಳಿಯ ತೇವಕ್ಕೆ ಅದರ ಲೇಪನ ರಾಸಾಯನಿಕವಾಗಿ ಒಡೆದು, ಕೆಲವೇ ವರ್ಷಗಳಲ್ಲಿ ಸಿಪ್ಪೆಯಂತೆ ಏಳಬಲ್ಲದು. ಹಾಗೆ ಎದ್ದ ಹೊದಿಕೆಗೆ ಬಣ್ಣವೂ ಇಲ್ಲ, ಪಾಲಿಷೂ ಇಲ್ಲ, ಬದಲಿಸುವುದೊಂದೇ ದಾರಿ. ಕರಾವಳಿಯ ಗ್ರಾಹಕರಿಗೆ ಇದನ್ನು ಮಾರುವ ಮುನ್ನವೇ ತಿಳಿಸುವುದು ನ್ಯಾಯ.

ತೊಳೆಯುವುದೂ ಸುಲಭದ ಕೆಲಸವಲ್ಲ

ತೊಳೆಯುವ ಕೆಲಸದಲ್ಲಿ ಸಾಮಗ್ರಿಯ ಖರ್ಚು ಅಲ್ಪ, ಅಪಾಯ ದೊಡ್ಡದು. ಬಣ್ಣ ಬಿಟ್ಟ ಒಂದು ಸೋಫಾ ಹತ್ತು ಸೋಫಾಗಳ ಗಳಿಕೆಯನ್ನು ನುಂಗುತ್ತದೆ. ಹಲವು ಬಟ್ಟೆಗಳ ಚೀಟಿಯಲ್ಲಿ ಒಂದು ಸಂಕೇತಾಕ್ಷರವಿರುತ್ತದೆ. ಡಬ್ಲ್ಯು ಇದ್ದರೆ ನೀರು ಬಳಸಬಹುದು. ಎಸ್ ಇದ್ದರೆ ನೀರಿಲ್ಲದ ದ್ರಾವಕ ಮಾತ್ರ. ಡಬ್ಲ್ಯುಎಸ್ ಇದ್ದರೆ ಎರಡೂ ಆದೀತು. ಎಕ್ಸ್ ಇದ್ದರೆ ಧೂಳು ಹೀರುವುದನ್ನು ಬಿಟ್ಟು ಬೇರೇನನ್ನೂ ಮಾಡುವಂತಿಲ್ಲ. ಚೀಟಿ ಇಲ್ಲದಿದ್ದರೆ ಹಿಂಬದಿಯ ಕಾಣದ ಮೂಲೆಯಲ್ಲಿ ಬಿಳಿ ಬಟ್ಟೆಯಿಂದ ಒರೆಸಿ, ಒಣಗುವವರೆಗೆ ಕಾದು ನೋಡಬೇಕು. ಧೂಳು ಹೀರದೆ ನೀರು ಹಾಕಿದರೆ ಧೂಳು ಕೆಸರಾಗಿ ಒಳಗಿಳಿಯುತ್ತದೆ. ಇದು ಎಲ್ಲರಿಗೂ ಗೊತ್ತಿದ್ದರೂ ಅವಸರದಲ್ಲಿ ಮರೆಯುವ ಸಂಗತಿ.

ನಮ್ಮ ಮನೆಗಳ ಕಲೆಗಳು ನಮ್ಮವೇ. ಒರಗುವ ಜಾಗದಲ್ಲಿ ತಲೆಗೆಣ್ಣೆಯ ಕಲೆ, ಕೈ ಇಡುವಲ್ಲಿ ಬೆವರಿನ ಜಿಡ್ಡು. ಹಾಲಿನ ಕಲೆಗೆ ಬಿಸಿನೀರು ಹಾಕಿದರೆ ಅದರ ಪ್ರೋಟೀನು ಗಟ್ಟಿಯಾಗಿ ಎಳೆಗೆ ಕಚ್ಚಿಕೊಳ್ಳುತ್ತದೆ, ತಣ್ಣೀರೇ ಸರಿ. ಅರಿಶಿನದ ಕಲೆಗೆ ಸೋಪು ತಾಗಿದರೆ ಕೆಂಪಾಗುತ್ತದೆ. ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಬಿದ್ದು ಓಕುಳಿ ಕೆಂಪೇರುವುದೂ ಇದೇ ಕ್ಷಾರದ ಗುಣದಿಂದ. ಗಾಬರಿಗೊಂಡು ಇನ್ನಷ್ಟು ಸೋಪು ಉಜ್ಜುವುದಕ್ಕಿಂತ ಕ್ಷಾರವನ್ನು ತೊಳೆದು ಬಿಸಿಲಿಗೆ ಒಡ್ಡುವುದು ಲೇಸು; ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಒಣಗಿಸುವುದು. ಒದ್ದೆಯಾದ ಮೆತ್ತೆ ಒಂದೆರಡು ದಿನದಲ್ಲಿ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ. ಮೇಲೆ ಒಣಗಿದಂತೆ ಕಂಡರೂ ನಾಲ್ಕಂಗುಲದ ಫೋಮಿನ ಒಳಗೆ ನೀರು ನಿಂತಿರುತ್ತದೆ. ಮಳೆಗಾಲದಲ್ಲಿ ಮಲೆನಾಡು ಮತ್ತು ಕರಾವಳಿಯಲ್ಲಿ, ನೀರನ್ನು ಹೀರಿ ತೆಗೆಯುವ ಯಂತ್ರವಾಗಲಿ ಗಾಳಿ ಬೀಸುವ ಸಲಕರಣೆಯಾಗಲಿ ಇಲ್ಲದವರು ಒದ್ದೆ ಕೆಲಸವನ್ನು ಒಪ್ಪಿಕೊಳ್ಳದಿರುವುದೇ ಉತ್ತಮ. ಒಣಗಿಸುವ ಸಮಯವೂ ಕೆಲಸದ ಸಮಯವೇ ಆದುದರಿಂದ ಅದಕ್ಕೂ ದರ ಇರಬೇಕು.

ಕಾರಿನ ಆಸನ: ಹೊಲಿಗೆಯೊಳಗಿನ ಅಪಾಯ

ಕಾರಿನ ಸೀಟಿನಲ್ಲಿ ತಪ್ಪಿದರೆ ಹೋಗುವುದು ಹಣವಷ್ಟೇ ಅಲ್ಲ. ಪಕ್ಕದಿಂದ ಬರುವ ಹೊಡೆತಕ್ಕೆ ರಕ್ಷಣೆ ಕೊಡುವ ಏರ್‌ಬ್ಯಾಗು ಹಲವು ಕಾರುಗಳಲ್ಲಿ ಮುಂದಿನ ಸೀಟಿನ ಒರಗಿನ ಹೊರಬದಿಯಲ್ಲಿ ಅಡಗಿರುತ್ತದೆ. ಅಲ್ಲಿ ‘ಏರ್‌ಬ್ಯಾಗ್’ ಎಂದು ಬರೆದ ಸಣ್ಣ ಪಟ್ಟಿಯೊಂದು ಕಾಣುತ್ತದೆ. ಅಪಘಾತದ ಕ್ಷಣದಲ್ಲಿ ಕಾರ್ಖಾನೆಯ ಹೊಲಿಗೆ ಒಡೆದುಕೊಂಡು ಚೀಲ ಹೊರಬರಲೆಂದೇ ಆ ಭಾಗವನ್ನು ಹಾಗೆ ರಚಿಸಿರುತ್ತಾರೆ. ಅದರ ಮೇಲೆ ದಪ್ಪ ಲೆದರೆಟ್ ಕವರು ಎಳೆದು ಗಟ್ಟಿ ನೈಲಾನ್ ದಾರದಿಂದ ಹೊಲಿದರೆ ಚೀಲ ಹೊರಬರಲು ತಡವಾಗಬಹುದು, ದಿಕ್ಕು ತಪ್ಪಬಹುದು, ಬರದೆಯೂ ಹೋಗಬಹುದು. ಆ ಬದಿಯನ್ನು ತೆರೆದಿಟ್ಟ ಅಥವಾ ಅಲ್ಲಿ ಒಡೆಯುವ ಹೊಲಿಗೆ ಇರುವ, ಆ ಮಾದರಿಯ ಕಾರಿಗೆಂದೇ ತಯಾರಾದ ಕವರನ್ನು ಮಾತ್ರ ಹಾಕಬೇಕು. ಗ್ರಾಹಕರು ಎಷ್ಟೇ ಒತ್ತಾಯಿಸಿದರೂ ಕಾರ್ಖಾನೆಯ ಆ ಹೊಲಿಗೆಯನ್ನು ಬಿಚ್ಚಿ ಮರಳಿ ಹೊಲಿಯಬಾರದು.

2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ಚಾಲಕರಿಗೂ ಪಕ್ಕದ ಪ್ರಯಾಣಿಕರಿಗೂ ಸೀಟ್ ಬೆಲ್ಟ್ ನೆನಪಿಸುವ ಸಾಧನ ಕಡ್ಡಾಯವಾಯಿತು. ಇದಕ್ಕಾಗಿ ಪ್ರಯಾಣಿಕರ ಸೀಟಿನ ಮೆತ್ತೆಯೊಳಗೆ ಭಾರ ಗುರುತಿಸುವ ಸೆನ್ಸರ್ ಇರುತ್ತದೆ. ಹಳೆಯ ಕಾಲದಂತೆ ಸೀಟಿನ ಮೇಲೆ ನೀರು ಸುರಿದು ತೊಳೆದರೆ ಅದು ಕೆಡಬಹುದು. ಸೀಟಿನ ಕೆಳಗಿರುವ ಹಳದಿ ಬಣ್ಣದ ತಂತಿ ಜೋಡಣೆ ಏರ್‌ಬ್ಯಾಗಿಗೆ ಸೇರಿದ್ದು. ಬ್ಯಾಟರಿ ಕಳಚದೆ, ತಯಾರಕರು ಸೂಚಿಸಿದಷ್ಟು ಹೊತ್ತು ಕಾಯದೆ ಅದನ್ನು ಮುಟ್ಟುವಂತಿಲ್ಲ. ಜಿಡ್ಡು ತೆಗೆಯಲು ಕಾರಿನೊಳಗೆ ಪೆಟ್ರೋಲು, ಥಿನ್ನರು ಬಳಸುವ ಅಭ್ಯಾಸವನ್ನಂತೂ ಇಂದೇ ಬಿಡಬೇಕು.

ತೆರಿಗೆಯ ಕಡೆಗೆ

‘ನಮ್ಮದು ಬಟ್ಟೆ ವ್ಯಾಪಾರ, ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ’ ಎಂಬ ನಂಬಿಕೆ ಈ ಅಂಗಡಿಗಳಲ್ಲಿ ವ್ಯಾಪಕವಾಗಿದೆ. ಆ 40 ಲಕ್ಷದ ಮಿತಿ ಕೇವಲ ಸರಕನ್ನು ಮಾತ್ರ ಪೂರೈಸುವವರಿಗೆ. ದುರಸ್ತಿ, ಹೊಲಿಗೆ, ಶುಚಿ ಮಾಡುವುದು ಸೇವೆ. ಸೇವೆಯೂ ಸೇರಿದ ವ್ಯವಹಾರಕ್ಕೆ ಕರ್ನಾಟಕದಲ್ಲಿ ಮಿತಿ 20 ಲಕ್ಷ; ಬಟ್ಟೆ ಮತ್ತು ಕೂಲಿ ಎರಡನ್ನೂ ಕೂಡಿಸಿಯೇ ಈ ಮೊತ್ತ ಎಣಿಸಬೇಕು. ಗ್ರಾಹಕರೇ ತಂದುಕೊಟ್ಟ ಬಟ್ಟೆಯ ಬೆಲೆ ಮಾತ್ರ ಇದರಲ್ಲಿ ಸೇರದು. ದುರಸ್ತಿ ಸೇವೆಗೆ ಸಾಮಾನ್ಯ ದರ ಶೇ. 18. ಬಟ್ಟೆ ಸಮೇತ ಮಾಡಿದ ದುರಸ್ತಿಯಲ್ಲಿ ಸೇವೆಯೇ ಪ್ರಧಾನವಾಗಿದ್ದರೆ ಇಡೀ ಮೊತ್ತಕ್ಕೆ ಅದೇ ದರ. ಅಂದಾಜು ಪಟ್ಟಿಯಲ್ಲಿ ಬೇರೆ ಬೇರೆ ಸಾಲು ಬರೆದ ಮಾತ್ರಕ್ಕೆ ತೆರಿಗೆ ಬೇರೆಯಾಗುವುದಿಲ್ಲ. ಹಿಂದಿನ ವರ್ಷದ ವಹಿವಾಟು 50 ಲಕ್ಷ ಮೀರದವರು ಶೇ. 6ರ ರಾಜಿ ತೆರಿಗೆಯನ್ನು ಆರಿಸಿಕೊಳ್ಳಬಹುದು. ಆದರೆ ಅದನ್ನು ಗ್ರಾಹಕರಿಂದ ವಸೂಲು ಮಾಡುವಂತಿಲ್ಲ, ಖರೀದಿಯ ಮೇಲಿನ ತೆರಿಗೆಯನ್ನು ಕಳೆದುಕೊಳ್ಳುವಂತೆಯೂ ಇಲ್ಲ.

ಕೆಲಸ ಮಾಡಿಸುವ ವರ್ತಕರಿಗೂ ಒಂದು ಸೂಚನೆ. ಕಚೇರಿಯ ಸೋಫಾ ದುರಸ್ತಿಗೆ ಕೊಟ್ಟ ಜಿಎಸ್‌ಟಿಯನ್ನು ಸಾಮಾನ್ಯವಾಗಿ ಹೂಡುವಳಿ ತೆರಿಗೆಯಾಗಿ ಪಡೆಯಬಹುದು. ಸ್ವಂತ ಬಳಕೆಯ ಕಾರಿನ ಸೀಟು ದುರಸ್ತಿಗೆ ಕೊಟ್ಟದ್ದನ್ನು ಪಡೆಯುವಂತಿಲ್ಲ. ಸರಕು ಸಾಗಿಸುವ ಲಾರಿಗೆ ಈ ನಿರ್ಬಂಧ ಅನ್ವಯಿಸದು. ಆದಾಯ ತೆರಿಗೆಯಲ್ಲಿ, ಇರುವ ಪೀಠೋಪಕರಣವನ್ನು ಇದ್ದ ಸ್ಥಿತಿಯಲ್ಲಿ ಉಳಿಸಿಕೊಳ್ಳಲು ಮಾಡಿದ ವೆಚ್ಚ ಚಾಲ್ತಿ ದುರಸ್ತಿ. ಚಿತ್ರಮಂದಿರವೊಂದನ್ನು ಪೂರ್ತಿ ನವೀಕರಿಸಿ ಹೊಸ ಯಂತ್ರ, ಹೊಸ ಪೀಠೋಪಕರಣ ಹಾಕಿಸಿದ ವೆಚ್ಚ ಚಾಲ್ತಿ ದುರಸ್ತಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ 1997ರಲ್ಲಿ ತೀರ್ಪಿತ್ತಿದೆ. ಹಳೆಯ ಕುರ್ಚಿಗೆ ಹೊಸ ಹೊದಿಕೆ ಹಾಕಿಸುವುದಕ್ಕೂ ಹೊಸ ಕುರ್ಚಿ ತರುವುದಕ್ಕೂ ಇರುವ ಭೇದ ಬಿಲ್ಲಿನಲ್ಲಿ ಸ್ಪಷ್ಟವಾಗಿರಲಿ.

ತಿರುಗಿ ಬಾರದ ಗ್ರಾಹಕರು

ಕೆಲಸ ಮುಗಿದರೂ ಹಣ ಕೊಟ್ಟು ಒಯ್ಯದವರು ಎಲ್ಲ ಅಂಗಡಿಗಳಿಗೂ ಪರಿಚಿತರೇ. 1872ರ ಭಾರತೀಯ ಕರಾರು ಅಧಿನಿಯಮದ 170ನೇ ಕಲಮು ಕುಶಲಕರ್ಮಿಗಳಿಗೆ ಇಲ್ಲಿ ಆಸರೆಯಾಗಿದೆ. ಒಪ್ಪಿಸಿದ ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ವ್ಯಯಿಸಿದವರು ತಮ್ಮ ಕೂಲಿ ಬರುವವರೆಗೆ ಆ ವಸ್ತುವನ್ನು ತಡೆಹಿಡಿಯಬಹುದು. ಆದರೆ ಸಾಲಕ್ಕೆ ಒಪ್ಪಿದ್ದರೆ ಆ ಹಕ್ಕಿಲ್ಲ. ಮೂರು ತಿಂಗಳ ಸಾಲ ಒಪ್ಪಿಕೊಂಡ ದರ್ಜಿಯು ಕೋಟನ್ನು ತಡೆಹಿಡಿಯುವಂತಿಲ್ಲವೆಂಬ ದೃಷ್ಟಾಂತ ಆ ಕಲಮಿನಲ್ಲೇ ಇದೆ. ಇದು ಇಟ್ಟುಕೊಳ್ಳುವ ಹಕ್ಕೇ ಹೊರತು ಮಾರುವ ಹಕ್ಕಲ್ಲ. ಗ್ರಾಹಕರ ಮನೆಯಲ್ಲೇ ನಡೆದ ಕೆಲಸದಲ್ಲಿ ವಸ್ತು ಅಂಗಡಿಯವರ ವಶಕ್ಕೇ ಬರುವುದಿಲ್ಲವಾದ್ದರಿಂದ ಅಲ್ಲಿ ಮುಂಗಡವೊಂದೇ ಭದ್ರತೆ. ಸಾಮಗ್ರಿಯ ಪೂರ್ಣ ಬೆಲೆಯನ್ನಾದರೂ ಮೊದಲೇ ಪಡೆಯಬೇಕು.

ವಸ್ತು ಅಂಗಡಿಯಲ್ಲಿರುವಷ್ಟು ದಿನ ಅದನ್ನು ಸ್ವಂತದ್ದರಂತೆ ಜೋಪಾನ ಮಾಡುವ ಹೊಣೆಯನ್ನೂ ಅದೇ ಅಧಿನಿಯಮ ಹೊರಿಸಿದೆ. ಫೋಮು, ಅಂಟು, ದ್ರಾವಕ ತುಂಬಿದ ಜಾಗದಲ್ಲಿ ಒಂದು ಕಿಡಿ ಸಾಕು. ಅಂಗಡಿಗೆ ಅಗ್ನಿ ವಿಮೆ ಮಾಡಿಸಿದವರು ಪಾಲಿಸಿಯಲ್ಲಿ ‘ಇತರರು ನಂಬಿ ಒಪ್ಪಿಸಿದ ಸರಕು’ ಎಂಬುದು ಸ್ಪಷ್ಟವಾಗಿ ನಮೂದಾಗಿದೆಯೇ ಎಂದು ನವೀಕರಣದ ವೇಳೆ ಓದಿ ನೋಡಬೇಕು. ಹಾಗೆ ನಮೂದಿಸದಿದ್ದರೆ ತಮ್ಮ ಬಟ್ಟೆಯ ಗಂಟಿಗೆ ಪರಿಹಾರ ಬಂದರೂ ಗ್ರಾಹಕರ ತೇಗದ ಸೋಫಾಕ್ಕೆ ಕೈಯಿಂದಲೇ ಕೊಡಬೇಕಾದೀತು.