ಮಗು ಅಕ್ಷರವನ್ನು ಗುರುತಿಸುವುದು ಹೇಗೆ?

ಕೊಪ್ಪದ ನಮ್ಮ ಮನೆಯಲ್ಲಿ ಆರು ವರ್ಷದ ಹುಡುಗನೊಬ್ಬನಿದ್ದಾನೆ. ನೆರೆಯ ಶೃಂಗೇರಿಯ ಶಾರದೆಯ ಸನ್ನಿಧಿಯಲ್ಲಿ ಅವನಿಗೆ ಅಕ್ಷರಾಭ್ಯಾಸವಾಯಿತು. ಕೆಲವೇ ತಿಂಗಳಲ್ಲಿ ಅವನು ಅಕಾರದಿಂದ ಳಕಾರದವರೆಗೆ ಎಲ್ಲಿಯೂ ತಡವರಿಸದೆ ಒಪ್ಪಿಸತೊಡಗಿದನು. ಒಂದು ಸಂಜೆ ಪುಸ್ತಕದ ನಡುವೆ ‘ಮ’ ಎಂಬ ಅಕ್ಷರವೊಂದನ್ನೇ ತೋರಿಸಿ ಇದಾವುದೆಂದು ಕೇಳಿದೆವು. ಹುಡುಗ ಸುಮ್ಮನಾದನು. ಬಳಿಕ ಗೋಡೆಯ ಮೇಲಿನ ವರ್ಣಮಾಲೆಯ ಪಟದ ಮುಂದೆ ನಿಂತು, ಮೊದಲಿನಿಂದ ಒಂದೊಂದರ ಮೇಲೂ ಬೆರಳಿಟ್ಟು ಹೇಳುತ್ತ ಬಂದು, ಬೆರಳು ‘ಮ’ವನ್ನು ಮುಟ್ಟಿದಾಗಲೇ ಅದರ ಹೆಸರನ್ನು ಹೇಳಿದನು. ನಾವು ಗದರಿದೆವು. ತಪ್ಪು ಅವನದಲ್ಲವೆಂದು ತಿಳಿಯಲು ನಮಗೆ ಕೆಲವು ದಿನಗಳೇ ಬೇಕಾದುವು.

ನಮ್ಮ ವರ್ಣಮಾಲೆಯ ಕ್ರಮ ಶಾಸ್ತ್ರಶುದ್ಧವಾದುದು. ‘ಕ’ವರ್ಗ ಗಂಟಲಿನ ಬಳಿ, ‘ಚ’ವರ್ಗ ಅಂಗುಳಿನಲ್ಲಿ, ‘ಟ’ವರ್ಗ ನಾಲಗೆಯ ತುದಿ ಮೇಲಕ್ಕೆ ಮಡಿದಾಗ, ‘ತ’ವರ್ಗ ಹಲ್ಲಿನಲ್ಲಿ, ‘ಪ’ವರ್ಗ ತುಟಿಗಳಲ್ಲಿ ಹುಟ್ಟುತ್ತವೆ. ಇದು ಬಾಯಿಯ ಭೂಪಟವೆಂದರೆ ತಪ್ಪಾಗದು. ಆದರೆ ಈ ಕ್ರಮ ಏರ್ಪಟ್ಟಿರುವುದು ಧ್ವನಿಯನ್ನು ಅನುಸರಿಸಿ; ಕಣ್ಣಿಗೆ ಕಾಣುವ ಆಕಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಬಾಯಿಪಾಠ ಮಾಡಿದ ಮಗು ಕಲಿತಿರುವುದು ಒಂದು ಹಾಡನ್ನು; ಓದನ್ನಲ್ಲ.

ಧ್ವನಿಯ ವಿಷಯವನ್ನು ಮೊದಲು ನೋಡೋಣ. ಪ್ರಾಯದ ಗಂಡಸಿನಲ್ಲಿ ಗಂಟಲಿನಿಂದ ತುಟಿಯವರೆಗೆ ಸುಮಾರು 17 ಸೆಂಟಿಮೀಟರ್ ಉದ್ದದ ಗಾಳಿಯ ಕೊಳವೆಯೊಂದುಂಟು. ಇದರ ಅನುರಣನವೇ ಸ್ವರ. ನಾಲಗೆಯೂ ತುಟಿಯೂ ಕೊಳವೆಯ ಆಕಾರವನ್ನು ಬದಲಿಸಿದಂತೆಲ್ಲ ‘ಆ’ ಹೋಗಿ ‘ಈ’ ಬರುತ್ತದೆ, ‘ಊ’ ಬರುತ್ತದೆ. ಉಸಿರಿರುವವರೆಗೆ ಅದನ್ನು ಎಳೆಯಬಹುದು. ‘ಕ್’ ಎಂಬುದು ಹಾಗಲ್ಲ. ತಡೆದ ಗಾಳಿ ಸಿಡಿದು ಹೊರಬರುವ ಕ್ಷಣಮಾತ್ರದ ಸದ್ದು. 1952ರಲ್ಲಿ ಅಮೆರಿಕದ ಹ್ಯಾಸ್ಕಿನ್ಸ್ ಪ್ರಯೋಗಾಲಯದ ಲಿಬರ್ಮನ್ ಮತ್ತು ಸಂಗಡಿಗರು ಒಂದು ಸ್ವಾರಸ್ಯವಾದ ಪ್ರಯೋಗವನ್ನು ಪ್ರಕಟಿಸಿದರು. ಸೆಕೆಂಡಿಗೆ ಸುಮಾರು 1440 ಕಂಪನಗಳ ಸಿಡಿತವೊಂದನ್ನು ಯಂತ್ರದಿಂದ ಹುಟ್ಟಿಸಿ ‘ಈ’ಕಾರದ ಮುಂದಿಟ್ಟರೆ ಕೇಳುಗರಿಗೆ ‘ಪೀ’ ಎಂದು ಕೇಳಿಸಿತು. ಅದೇ ಸಿಡಿತವನ್ನು ‘ಆ’ಕಾರದ ಮುಂದಿಟ್ಟರೆ ‘ಕಾ’ ಎಂದು ಕೇಳಿಸಿತು! ಅರ್ಥಾತ್, ಇಂತಹ ವ್ಯಂಜನವನ್ನು ಸ್ವರದಿಂದ ಕಿತ್ತು ಕಿವಿಗೆ ಒಪ್ಪಿಸುವುದು ಸುಲಭವಲ್ಲ.

ಇಲ್ಲಿಯೇ ಕನ್ನಡದ ಮಗುವಿಗೆ ಒಂದು ಸೌಕರ್ಯವಿದೆ. ನಮ್ಮ ‘ಕ’ ಬರಿಯ ‘ಕ್’ ಅಲ್ಲ. ಸ್ವರ ಕೂಡಿದ, ಬಾಯಿಂದ ಇಡಿಯಾಗಿ ಹೊರಡುವ ತುಣುಕು. ‘ಮ’ ಎಂದು ‘ರ’ ಎಂದರೆ ‘ಮರ’ವಾಯಿತು. ಇಂಗ್ಲಿಷ್ ಕಲಿಯುವ ಮಗುವಿಗೆ ಈ ಸುಖವಿಲ್ಲ.

ಈ ಸೌಕರ್ಯದ ಬೆಲೆಯನ್ನು ಕಣ್ಣು ತೆರಬೇಕಾಗುತ್ತದೆ. ಇಂಗ್ಲಿಷಿನ ಅಕ್ಷರಗಳು 26, ನಮ್ಮವು 49. ಅಷ್ಟೇ ಅಲ್ಲ, 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ 442 ರೂಪಗಳಾಗುವುವು, ಒತ್ತಕ್ಷರಗಳು ಬೇರೆ. ಅವುಗಳಲ್ಲಿ ‘ಪ’, ‘ಫ’, ‘ಷ’ಗಳಿಗೂ ‘ದ’, ‘ಧ’, ‘ಥ’ಗಳಿಗೂ ಇರುವ ಅಂತರ ಒಂದು ಗೀಟು, ಒಂದು ಚುಕ್ಕೆ. ಮನೆಮಾತಿನಲ್ಲಿ ಮಹಾಪ್ರಾಣಗಳು ಅಪರೂಪವಾದುದರಿಂದ ಕಿವಿಯೂ ಕಣ್ಣಿನ ನೆರವಿಗೆ ಬಾರದು. ಇನ್ನು ‘ರಸ್ತೆ’ ಎಂಬ ಮಾತನ್ನು ನೋಡಿರಿ. ಕಿವಿಗೆ ‘ಎ’ಕಾರ ಕೇಳುವುದು ತಕಾರದ ಅನಂತರ, ಬರಹದಲ್ಲಿ ಅದರ ಗುರುತು ಸಕಾರದ ತಲೆಯ ಮೇಲಿದೆ, ತಕಾರ ಕೆಳಗೆ ಒತ್ತಾಗಿ ಕುಳಿತಿದೆ. ದೊಡ್ಡವರಾದ ನಾವು ಇದನ್ನು ಗಮನಿಸುವುದೇ ಇಲ್ಲ.

ಸೊನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಿಂದ, ನಮ್ಮ ಲಿಪಿಯ ಕಲಿಕೆ ಮೊದಲೆರಡು ತರಗತಿಗಳಿಗೆ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಸಾಗುವುದೆಂದು ತಿಳಿದುಬಂದಿದೆ. ಹಾಗಿರುವಾಗ ಎರಡನೆಯ ತರಗತಿಯಲ್ಲಿ ಒತ್ತಕ್ಷರಕ್ಕೆ ಎಡವಿದ ಮಗುವನ್ನು ದಡ್ಡನೆನ್ನುವುದು ನ್ಯಾಯವೆ? ಆ ಮಾತು ಒಮ್ಮೆ ಕಿವಿಗೆ ಬಿದ್ದರೆ ಮಗು ಪುಸ್ತಕವನ್ನೇ ದೂರವಿಡಬಹುದು.

ದಾರಿಯೇನು? 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ, 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆ ಹಬ್ಬಿದ ‘ನಲಿ-ಕಲಿ’ ಪದ್ಧತಿ ಒಂದು ದಾರಿಯನ್ನು ತೋರಿತು. ಅಲ್ಲಿ ಮೊದಲು ಬರುವುವು ‘ರ, ಗ, ಸ, ದ, ಅ’. ‘ರ’ದ ದುಂಡನ್ನು ಬರೆಯಬಲ್ಲ ಕೈಗೆ ‘ಸ’, ‘ದ’ಗಳು ದೂರವಲ್ಲ. ಈ ಐದರಿಂದಲೇ ಸರ, ದರ, ಅರಸ, ಅಗಸ, ಗರಗಸ ಎಂಬ ಮಾತುಗಳು ಹುಟ್ಟುತ್ತವೆ. 49 ಅಕ್ಷರಗಳನ್ನು ಮುಗಿಸುವವರೆಗೆ ಕಾಯದೆ, ಐದನ್ನು ಕಲಿತೊಡನೆಯೇ ಮಗು ಓದುಗನಾಗುತ್ತದೆ!

ವರ್ಣಮಾಲೆಯ ಪಾಠವನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ನಾಲಗೆಗೆ ಅದು ಒಳ್ಳೆಯ ಸಾಧನೆ. ಆದರೆ ಒಪ್ಪಿಸುವ ಕ್ರಮ ಬೇರೆ, ಗುರುತಿಸುವ ಕ್ರಮ ಬೇರೆ. ನಾವು ಹಳೆಯ ಆಮಂತ್ರಣಪತ್ರಗಳನ್ನು ಕತ್ತರಿಸಿ, ಚೀಟಿಗೊಂದು ಅಕ್ಷರ ಬರೆದು, ದಿನವೂ ಕಲಸಿ ಹುಡುಗನ ಮುಂದೆ ಹರಡಿದೆವು. ‘ಪ’ವನ್ನೂ ‘ಷ’ವನ್ನೂ ಒಂದೇ ದಿನ ಕೊಡಲಿಲ್ಲ, ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ಪಕ್ಕದಲ್ಲಿಟ್ಟು ಭೇದವನ್ನು ಅವನೇ ಹುಡುಕುವಂತೆ ಮಾಡಿದೆವು. ಬರೆಯುವಾಗ ಬಾಯಲ್ಲಿ ಹೇಳಿಸಿದೆವು.

ಬಸ್ಸಿನ ಮೇಲಿನ ‘ಕೊಪ್ಪ’ ಎಂಬ ಫಲಕವನ್ನು ಅವನು ಹಿಂದೆ ಚಿತ್ರದಂತೆ ಗುರುತಿಸುತ್ತಿದ್ದನು. ಮೊನ್ನೆ ಮಳೆಯಲ್ಲಿ ಕಾಯುತ್ತ ನಿಂತಿದ್ದಾಗ ಅದನ್ನು ದಿಟ್ಟಿಸಿ, “ದೊಡ್ಡ ‘ಪ’ದ ಕೆಳಗೆ ಒಂದು ಮರಿ ‘ಪ’ ಇದೆ!” ಎಂದನು. ಅಂದು ಅವನು ಅದನ್ನು ನೋಡಲಿಲ್ಲ, ಓದಿದನು.