ಕೆಸರಿನ ಕಮಲ ಬಿಡಿಸುತ್ತಿದ್ದೀರಾ? ಹೂವಿನ ಗಟ್ಟಿತನ ಇರುವುದು ನೀರಿನ ಕೆಳಗೆ!

ಪುಣೆ: ಮಹಾರಾಷ್ಟ್ರ ಸರ್ಕಾರ ನಡೆಸುವ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯಟ್ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳಿಗೆ ಪುಣೆಯ ಶಾಲಾ ಮಕ್ಕಳೂ ಕೂರುತ್ತಾರೆ. ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಇದು ಪರಿಚಿತ ಪರೀಕ್ಷೆ. ವಿನ್ಯಾಸ ಬಿಡಿಸಲು ಹೇಳಿದರೆ ಮಕ್ಕಳಿಗೆ ತಟ್ಟನೆ ನೆನಪಾಗುವ ಹೂವುಗಳಲ್ಲಿ ಕಮಲವೂ ಒಂದು. ಕೆಸರಿನಲ್ಲಿ ಹುಟ್ಟಿದರೂ ಶುಭ್ರವಾಗಿ ಅರಳುತ್ತದೆ, ಹಾಗಾಗಿ ಅದು ಕಷ್ಟವನ್ನು ಗೆಲ್ಲುವ ಛಲದ ಸಂಕೇತ ಎಂದು ದೊಡ್ಡವರೂ ಹೇಳಿಕೊಡುತ್ತಾರೆ. ಆದರೆ ಕಮಲ ಕೆಸರನ್ನು ಗೆಲ್ಲುವುದು ಹೇಗೆ? ಅದು ತಿಳಿದರೆ ಚಿತ್ರವೂ ಬದಲಾಗುತ್ತದೆ, ಅದರ ಅರ್ಥವೂ ಬದಲಾಗುತ್ತದೆ.

ಮೊದಲು ಎಲೆ ನೋಡಿ

ಕೊಳದಲ್ಲಿ ಕಾಣುವ ಹೂವೆಲ್ಲ ಕಮಲವಲ್ಲ. ನೈದಿಲೆಯನ್ನೇ ಕಮಲ ಎಂದುಕೊಂಡು ಬಿಡಿಸುವವರು ಬಹಳ. ಗುರುತಿಸುವುದು ಸುಲಭ. ನೈದಿಲೆಯ ಎಲೆ ನೀರಿಗೆ ಅಂಟಿಕೊಂಡಂತೆ ತೇಲುತ್ತದೆ, ಅದರ ಒಂದು ಬದಿಯಲ್ಲಿ ಸೀಳು ಇರುತ್ತದೆ. ತಾವರೆ ಎಲೆ ಸೀಳಿಲ್ಲದ ಪೂರ್ತಿ ದುಂಡು. ದಂಟು ಎಲೆಯ ನಟ್ಟನಡುವೆ ಸೇರಿರುತ್ತದೆ, ಬೆಳೆದ ಎಲೆಗಳು ನೀರಿನಿಂದ ಮೇಲೆದ್ದು ನಿಲ್ಲುತ್ತವೆ. ನಮ್ಮ ದೇಶದ ತಾವರೆಯ ಬಣ್ಣ ಬಿಳಿ ಅಥವಾ ಗುಲಾಬಿ. 'ನೀಲಿ ಕಮಲ' ಎಂದು ಕರೆಯುವುದು ವಾಸ್ತವದಲ್ಲಿ ನೈದಿಲೆಯನ್ನು.

ಕೆಸರಿನಲ್ಲಿ ಉಸಿರಾಟ ಹೇಗೆ?

ಕೊಳದ ತಳದ ಕೆಸರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ತಾವರೆಯ ಗೆಡ್ಡೆ ಬದುಕುವುದು ಅಲ್ಲೇ. ಅದಕ್ಕೆ ಗಾಳಿ ಬರುವುದು ಎಲೆಯಿಂದ. ದಂಟಿನೊಳಗಿನ ಉದ್ದನೆಯ ಕೊಳವೆಗಳ ಮೂಲಕ ಗಾಳಿ ಕೆಳಗಿಳಿದು ಗೆಡ್ಡೆಯನ್ನು ತಲುಪುತ್ತದೆ. ಮರಾಠಿಗರು 'ಕಮಳ ಕಾಕಡಿ' ಎಂದು ಕರೆಯುವ ತರಕಾರಿ ಇದೇ ಗೆಡ್ಡೆ. ಅಡ್ಡಲಾಗಿ ಕತ್ತರಿಸಿದರೆ ಕಾಣುವ ತೂತುಗಳೇ ಆ ಗಾಳಿಯ ದಾರಿ. ಎಲೆ ತಯಾರಿಸಿದ ಆಹಾರವೂ ಗೆಡ್ಡೆಯಲ್ಲೇ ಸಂಗ್ರಹವಾಗುತ್ತದೆ. ಮೇಲಿನ ಎಲೆಗಳು ಒಣಗಿಹೋದರೂ ಅನುಕೂಲದ ಕಾಲ ಬಂದಾಗ ಗಿಡ ಅಲ್ಲಿಂದಲೇ ಮತ್ತೆ ಚಿಗುರುತ್ತದೆ.

ಹೂವಿನ ಆಯಸ್ಸು ಸಾಮಾನ್ಯವಾಗಿ ಮೂರು ನಾಲ್ಕು ದಿನ ಮಾತ್ರ. ಅಂದರೆ ತಾಳಿಕೆ ಇರುವುದು ನಾವು ಚೆಂದವಾಗಿ ಬಣ್ಣ ತುಂಬುವ ದಳದಲ್ಲಲ್ಲ, ಕಾಗದದ ಮೇಲೆ ಬಿಡಿಸದೇ ಬಿಡುವ ಗೆಡ್ಡೆ ಮತ್ತು ದಂಟಿನಲ್ಲಿ.

ಎಲೆಗೆ ಕೊಳೆ ಅಂಟುವುದಿಲ್ಲ ಏಕೆ?

'ತಾವರೆ ಎಲೆಯ ಮೇಲಿನ ನೀರಿನಂತೆ' ಎಂಬ ಮಾತಿಗೂ ವಿಜ್ಞಾನದ ವಿವರಣೆಯಿದೆ. ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳಿದ್ದು, ಅವುಗಳ ಮೇಲೆ ಮೇಣದ ಲೇಪವಿರುತ್ತದೆ. ಹನಿ ಹರಡದೆ ಉರುಳುತ್ತದೆ, ಉರುಳುವಾಗ ಧೂಳನ್ನೂ ಹೊತ್ತೊಯ್ಯುತ್ತದೆ. ಜರ್ಮನಿಯ ಸಸ್ಯವಿಜ್ಞಾನಿಗಳಾದ ವಿಲ್ಹೆಲ್ಮ್ ಬಾರ್ತ್‌ಲಾಟ್ ಮತ್ತು ಕ್ರಿಸ್ಟೋಫ್ ನೈನ್‌ಹೂಯಿಸ್ 1997ರಲ್ಲಿ ಇದನ್ನು ವಿವರವಾಗಿ ಪ್ರಕಟಿಸಿದರು. 'ಲೋಟಸ್ ಎಫೆಕ್ಟ್' ಎಂಬ ಹೆಸರಿನಲ್ಲಿ ಇದು ಪ್ರಸಿದ್ಧ. ಕೊಳೆ ಅಂಟದ ಗೋಡೆ ಬಣ್ಣಗಳಿಗೂ ಇದೇ ತತ್ವ ಮಾದರಿಯಾಯಿತು.

ಬೀಜವೂ ಕಡಿಮೆಯೇನಲ್ಲ. ಚೀನಾದ ಒಣಗಿದ ಕೆರೆಯಂಗಳದಲ್ಲಿ ಸಿಕ್ಕ ಸುಮಾರು 1,300 ವರ್ಷ ಹಳೆಯ ತಾವರೆ ಬೀಜ ಮೊಳಕೆಯೊಡೆದದ್ದನ್ನು ಜೇನ್ ಶೆನ್-ಮಿಲ್ಲರ್ ಅವರ ತಂಡ 1995ರಲ್ಲಿ ವರದಿ ಮಾಡಿತು.

ಚಿತ್ರ ಬಿಡಿಸಿದರೆ ಮನಸ್ಸು ಹಗುರವಾಗುತ್ತದೆಯೇ?

ಸ್ವಲ್ಪ ಮಟ್ಟಿಗೆ ಹೌದು. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ವಯಸ್ಕರಿಗೆ 45 ನಿಮಿಷ ಕಲಾಕೃತಿ ರಚಿಸಲು ಹೇಳಲಾಗಿತ್ತು. ಅವರಲ್ಲಿ ಸುಮಾರು ಶೇ 75ರಷ್ಟು ಮಂದಿಯಲ್ಲಿ ಒತ್ತಡದ ಹಾರ್ಮೋನ್ ಆದ ಕಾರ್ಟಿಸೋಲ್ ಇಳಿದಿತ್ತು. ಚಿತ್ರಕಲೆಯ ಅನುಭವ ಇಲ್ಲದವರಿಗೂ ಪ್ರಯೋಜನ ಸಿಕ್ಕಿತ್ತು. ಆದರೆ ಇದು ಸಣ್ಣ ಅಧ್ಯಯನ. ಖಿನ್ನತೆ ಅಥವಾ ತೀವ್ರ ಆತಂಕ ಇದ್ದವರಿಗೆ ಚಿತ್ರ ಬಿಡಿಸುವುದು ವೈದ್ಯರ ಚಿಕಿತ್ಸೆಗೆ ಬದಲಿಯಲ್ಲ.

ಕೆಸರು ಬೇರೆ, ಕೊಳಚೆ ಬೇರೆ

ಪುಣೆಯವರು 'ಜಲಪರ್ಣಿ' ಎನ್ನುವ ಕಳೆ ಪಾಷಾಣ್, ಕಾತ್ರಜ್ ಕೆರೆಗಳಲ್ಲೂ ಮುಳಾ-ಮುಠಾ ನದಿಯಲ್ಲೂ ಹಬ್ಬುವುದು ಹಳೆಯ ಸಮಸ್ಯೆ. ದಕ್ಷಿಣ ಅಮೆರಿಕ ಮೂಲದ ಈ ಗಿಡ ಚರಂಡಿ ನೀರಿನ ಪೋಷಕಾಂಶಗಳನ್ನು ಹೀರಿ ಕೊಬ್ಬುತ್ತದೆ. ಹಾಸಿನಂತೆ ಹರಡಿ, ಬೆಳಕು ನೀರಿಗಿಳಿಯದಂತೆ ತಡೆಯುತ್ತದೆ. ಬಿಸಿಲು ಬೇಕೇಬೇಕಾದ ತಾವರೆಗೆ ಅಂಥ ಕಡೆ ತಲೆಯೆತ್ತುವುದು ಕಷ್ಟ. ಕೆಸರು ತಾವರೆಗೆ ಶತ್ರುವಲ್ಲ, ಅದು ಅದರ ಮನೆ. ಬಿಸಿಲು, ಗಾಳಿ ಮತ್ತು ಜಾಗ ಇಲ್ಲದಿದ್ದರೆ ಮಾತ್ರ ಎಂಥ ಗಟ್ಟಿ ಗಿಡವೂ ಸೊರಗುತ್ತದೆ.

ಮನುಷ್ಯರಿಗೂ ಈ ಮಾತು ಸಲ್ಲುತ್ತದೆ. ಕಷ್ಟದಲ್ಲಿರುವವರಿಗೆ 'ಕಮಲದಂತೆ ಅರಳು' ಎಂದು ಹೇಳುವುದು ಸುಲಭ. ಅರಳಲು ಬೇಕಾದ ಆಸರೆ ಅವರಿಗಿದೆಯೇ ಎಂದೂ ಕೇಳಬೇಕಲ್ಲವೇ?

ಹಾಗಾಗಿ ಮುಂದಿನ ಸಲ ಮಕ್ಕಳು ಕಮಲ ಬಿಡಿಸಲು ಕುಳಿತಾಗ ಹಾಳೆಯ ನಡುವೆ ನೀರಿನ ಗೆರೆ ಎಳೆಯಲು ಹೇಳಿ. ಗೆರೆಯ ಮೇಲೆ ಹೂವು, ಮೊಗ್ಗು, ದುಂಡು ಎಲೆ. ಕೆಳಗೆ ಉದ್ದನೆಯ ದಂಟು, ಕೆಸರು ಮತ್ತು ತೂತುಗಳಿರುವ ಗೆಡ್ಡೆ. ಛಲದ ಸಂಕೇತ ಪೂರ್ಣವಾಗುವುದು ಆಗಲೇ.